ಹೊಲದ ಹೆಸರಿನ ಪುಸ್ತಕಕ್ಕೆ ಒಂದು ದಿನದ ಮುಯ್ಯಾಳು

ಆ ಶನಿವಾರ ಮನೆ ಬಿಡುವ ಮೊದಲು ಮಾಡಿದ ಕೆಲಸಗಳು ಇವು. ನಲ್ಲಿಯಲ್ಲಿ ನೀರು ಬಂದಿತ್ತು, ಎರಡು ಡ್ರಮ್ಮು ತುಂಬಿಸಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹಾಲು ಕಾಯಿಸಲಿಟ್ಟೆ, ಉಕ್ಕಿತು, ಒಲೆ ಒರೆಸಿದೆ. ಉಪ್ಪಿಟ್ಟು ಮಾಡಿದೆ. ಮಧ್ಯಾಹ್ನಕ್ಕೆಂದು ಹುರುಳಿಕಾಳಿನ ಸಾರು ಮಾಡಿ ಮುಚ್ಚಿಟ್ಟೆ. ಮನೆಯವರ ಬಿ.ಪಿ. ಮಾತ್ರೆ ಕಣ್ಣಿಗೆ ಬೀಳುವ ಹಾಗೆ ಟಿ.ವಿ. ಮುಂದೆ ಇಟ್ಟೆ. ಎರಡು ಸೀರೆ ನೆನೆಹಾಕಿದೆ, ಒಗೆಯಲು ಹೊತ್ತಾಗಲಿಲ್ಲ, ಬಕೆಟ್ಟಿನಲ್ಲೇ ಬಿಟ್ಟೆ. ಆಧಾರ್ ಕಾರ್ಡು, ನೀರಿನ ಬಾಟಲಿ, ಕೊಡೆ, ಎರವಲು ಫಾರಂ ಎರಡು ಪ್ರತಿ, ಲೈಬ್ರರಿಯ ಸೀಲು, ಅದರ ಇಂಕ್ ಪ್ಯಾಡು ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡೆ. ಆ ಕೊನೆಯ ಮೂರನ್ನು ಮನೆಯಲ್ಲೇ ಮರೆತಿದ್ದರೆ ಆ ದಿನ ಅರ್ಧದಷ್ಟು ಹಗುರಾಗುತ್ತಿತ್ತು.

ನಾನಿರುವುದು ಹುಣಸೂರಿನಲ್ಲಿ. ಕೆಲಸ ಮೈಸೂರಿನ ಒಂದು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ. ಇಪ್ಪತ್ತು ವರ್ಷದ ಮೇಲಾಯಿತು, ಬೆಳಿಗ್ಗೆ ಹೋಗುವ ಬಸ್ಸು, ಸಂಜೆ ಬರುವ ಬಸ್ಸು. ಕಿಟಕಿ ಪಕ್ಕ ಜಾಗ ಸಿಕ್ಕರೆ ಮಲಗುತ್ತೇನೆ, ಸಿಗದಿದ್ದರೆ ನಿಂತುಕೊಂಡೇ ತೂಕಡಿಸುತ್ತೇನೆ. ಲೈಬ್ರರಿಯ ಕೆಳಗಿನ ಮಹಡಿಯಲ್ಲಿ ಜೆರಾಕ್ಸ್ ಯಂತ್ರದ ಪಕ್ಕ ನನ್ನ ಮೇಜು. ನಮ್ಮಲ್ಲಿ ಇಲ್ಲದ ಪುಸ್ತಕವನ್ನು ಬೇರೆ ಲೈಬ್ರರಿಗಳಿಂದ ಎರವಲು ತರಿಸಿಕೊಡುವುದು ನನ್ನ ಪಾಲಿನ ಕೆಲಸ. ಆದ್ದರಿಂದ ನನ್ನ ಮುಂದೆ ಬಂದು ನಿಲ್ಲುವವರೆಲ್ಲ ಮೇಲಿನ ಮಹಡಿಯಲ್ಲಿ ಆಗಲೇ ಒಂದು ಸಲ 'ಇಲ್ಲ' ಅನ್ನಿಸಿಕೊಂಡು ಬಂದವರು. ಮುಖ ನೋಡಿದರೇ ತಿಳಿಯುತ್ತದೆ. ಯಾವ ಲೈಬ್ರರಿಯಲ್ಲಿ ಏನಿದೆ ಎಂದು ಕಂಪ್ಯೂಟರಿನಲ್ಲಿ ಹುಡುಕುತ್ತೇನೆ, ಅಲ್ಲಿಗೆ ಪತ್ರ ಹಾಕುತ್ತೇನೆ, ಉತ್ತರ ಬರದಿದ್ದರೆ ಫೋನು ಮಾಡುತ್ತೇನೆ, ಫೋನು ಎತ್ತದಿದ್ದರೆ ಮತ್ತೆ ಪತ್ರ ಹಾಕುತ್ತೇನೆ. ಕೊನೆಗೊಂದು ದಿನ ಪಾರ್ಸೆಲ್ ಬರುತ್ತದೆ. ಕೇಳಿದವರಲ್ಲಿ ಅರ್ಧ ಜನ ಅಷ್ಟು ಹೊತ್ತಿಗೆ ಆ ಪುಸ್ತಕ ಬೇಕಿತ್ತು ಅನ್ನುವುದನ್ನೇ ಮರೆತಿರುತ್ತಾರೆ.

ಆ ಶನಿವಾರ ನಾನು ಯಾರಿಗಾಗಿ ಹೊರಟೆನೋ ಅವಳು ಮರೆಯುವವಳಲ್ಲ. ಮೂವತ್ತನಾಲ್ಕು ದಾಟಿದವಳನ್ನು ಹುಡುಗಿ ಅನ್ನಬಾರದು, ಆದರೂ ನನಗೆ ಅವಳು ಹುಡುಗಿಯೇ. ಸರಗೂರಿನ ಕಡೆಯ ಬೇಸಾಯದ ಮನೆಯವಳು. ಎಚ್.ಡಿ. ಕೋಟೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಬೆಳಿಗ್ಗೆ ಪಾಠ ಮುಗಿಸಿ ಮಧ್ಯಾಹ್ನದ ಬಸ್ಸು ಹಿಡಿದು ನಮ್ಮ ಲೈಬ್ರರಿಗೆ ಬಂದು, ಬಾಗಿಲು ಹಾಕುವವರೆಗೆ ಕೂತು ಓದಿ ಹೋಗುತ್ತಿದ್ದಳು. ಐದು ವರ್ಷ ಹಾಗೆ ಮಾಡಿದಳು. ಅವಳ ಪಿಎಚ್.ಡಿ. ವಿಷಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಈ ನಾಲ್ಕು ತಾಲೂಕುಗಳ ಹೊಲದ ಹೆಸರುಗಳು. ಊರಿಗೊಂದು ಹೆಸರಿರುವ ಹಾಗೆ ಹೊಲಕ್ಕೂ ಇರುತ್ತದಲ್ಲ: ಮೂಗನ ಮಾಳ, ಹಾಲುಮಡು, ಕೂಸಿನಕಟ್ಟೆ, ಹಾಗೆ. ಅವನ್ನು ಕೂಡಿಸಿ, ಯಾಕೆ ಆ ಹೆಸರು ಬಂತು ಎಂದು ಬರೆಯುತ್ತಿದ್ದಳು.

ಮೂರು ತಾಲೂಕುಗಳನ್ನು ತಾನೇ ತಿರುಗಿ ಮಾಡಿದ್ದಳು. ಪಿರಿಯಾಪಟ್ಟಣಕ್ಕೆ ಬರುವ ಹೊತ್ತಿಗೆ ಅವಳಿಗೆ ರಜೆಯೂ ಮುಗಿದಿತ್ತು, ಕಾಲೂ ಸೋತಿತ್ತು. ಒಂದು ಹಳೆಯ ಪತ್ರಿಕೆಯಲ್ಲಿ ಯಾರೋ ಬರೆದಿದ್ದ ಲೇಖನದಿಂದ ಮೂವತ್ತೊಂದು ಹೆಸರು ಎತ್ತಿಕೊಂಡು ಆ ಅಧ್ಯಾಯ ಬರೆದಳು. ಬೆಟ್ಟದಪುರದ ಕಡೆಯ ಒಬ್ಬ ಹಳ್ಳಿ ಮೇಷ್ಟ್ರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಚಿಕ್ಕ ಪುಸ್ತಕದಿಂದ ಆ ಹೆಸರುಗಳನ್ನು ತೆಗೆದುಕೊಂಡಿದ್ದಾಗಿ ಲೇಖನದ ಕೆಳಗೆ ಅಡಿಟಿಪ್ಪಣಿ ಇತ್ತು. ಅವಳ ಗೈಡು ಓದಿ ಒಂದೇ ಪ್ರಶ್ನೆ ಕೇಳಿದರಂತೆ.

"ಮೂಲ ಪುಸ್ತಕ ನೋಡಿದ್ದೀಯಾ?"

"ಇಲ್ಲ ಸರ್."

"ಹಾಗಾದರೆ ನೋಡಿ ಬಾ. ಇಲ್ಲ, ಅಧ್ಯಾಯ ತೆಗಿ."

ತೆಗೆದರೆ ನಾಲ್ಕು ತಾಲೂಕು ಎಂದು ಹೆಸರಿಟ್ಟ ಪ್ರಬಂಧದಲ್ಲಿ ಮೂರೇ ಉಳಿಯುತ್ತವೆ. ಅವಧಿಯನ್ನು ಆಗಲೇ ಒಂದು ಸಲ ವಿಸ್ತರಿಸಿದ್ದರು, ಇನ್ನೊಂದು ಸಲ ಇಲ್ಲ. ಆ ಶನಿವಾರ ಕಳೆದು ಬರುವ ಸೋಮವಾರ ಸಂಜೆಯೊಳಗೆ ಸಲ್ಲಿಸದಿದ್ದರೆ ನೋಂದಣಿ ರದ್ದು, ಐದು ವರ್ಷ ನೀರು ಪಾಲು.

ಎರಡು ವಾರ ಹುಡುಕಿದೆ. ಆ ಪುಸ್ತಕ ನಮ್ಮಲ್ಲಿ ಇರಲಿಲ್ಲ. ಎರಡು ಲೈಬ್ರರಿಗಳ ಪಟ್ಟಿಯಲ್ಲಿ ಹೆಸರು ಸಿಕ್ಕಿತು. ಒಂದು ಕಡೆಯಿಂದ "ಪಟ್ಟಿಯಲ್ಲಿದೆ, ಕಪಾಟಿನಲ್ಲಿಲ್ಲ" ಎಂದು ಉತ್ತರ ಬಂತು. ಇನ್ನೊಂದು ಕಡೆಯವರು ಪುಸ್ತಕ ಶಿಥಿಲವಾಗಿದೆ, ಹೊರಗೆ ಕಳಿಸಲಾಗದು, ಸ್ಕ್ಯಾನ್ ಮಾಡುವ ಯಂತ್ರ ರಿಪೇರಿಗೆ ಹೋಗಿದೆ ಅಂದರು. ಯಂತ್ರ ಯಾವಾಗ ಬರುತ್ತದೆ ಎಂದು ಕೇಳಿದ್ದಕ್ಕೆ ಆ ಕಡೆಯವನು ನಕ್ಕ. ಲೈಬ್ರರಿಯವರ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ಶುಭೋದಯ, ಶುಭರಾತ್ರಿಗಳ ನಡುವೆ ಅದೂ ಮುಳುಗಿಹೋಯಿತು.

ಶುಕ್ರವಾರ ಸಂಜೆ ಬಸ್ಸಿನಲ್ಲಿ ನಿಂತಿದ್ದಾಗ ಕೆ.ಆರ್. ನಗರದಿಂದ ಫೋನು. ಅಲ್ಲಿ ಬಹಳ ವರ್ಷ ಲೈಬ್ರರಿ ಕೆಲಸ ಮಾಡಿ ನಿವೃತ್ತರಾದವರು, ನನಗೆ ಹಳೆಯ ಪರಿಚಯ.

"ಗುಂಪಲ್ಲಿ ಈಗ ನೋಡ್ದೆ ಕಣಮ್ಮ. ಆ ಮೇಷ್ಟ್ರು ನಂಗೊತ್ತು. ಸೈಕಲ್ ಮೇಲೆ ಹೊತ್ಕೊಂಡು ಬಂದು ಎರಡು ಕಾಪಿ ಕೊಟ್ಟಿದ್ರು. ಒಂದನ್ನ ಗೆದ್ಲು ತಿಂತು. ಇನ್ನೊಂದನ್ನ ಯಾರೋ ಓದಕ್ಕೆ ತಗೊಂಡ್ರು, ಇನ್ನೂ ಓದ್ತಾನೇ ಅವ್ರೆ."

"ಮೇಷ್ಟ್ರು ಇದ್ದಾರಾ ಸಾರ್?"

"ಎಲ್ಲಿ, ಹೋಗಿ ಬಾಳ ವರ್ಷ ಆಯ್ತು. ಹೆಂಡ್ತಿ ಅವ್ರೆ. ಊರು ಹೇಳ್ತೀನಿ, ಬರ್ಕೊ. ಪತ್ರ ಗಿತ್ರ ಹಾಕ್ತಾ ಕೂರ್ಬೇಡ, ಎದ್ದೋಗಿ ಕೇಳು."

ಮಾರನೆಯ ದಿನ ಎರಡನೇ ಶನಿವಾರ, ಹೇಗೂ ನನಗೆ ರಜ. ಹುಡುಗಿಗೆ ಫೋನು ಮಾಡಿದೆ. ಅವಳು ಸರಗೂರಿನಿಂದ ಮೊದಲ ಬಸ್ಸಿಗೆ ಹೊರಟು ಕೋಟೆಯಲ್ಲಿ ಬಸ್ಸು ಬದಲಿಸಿ ಹುಣಸೂರಿಗೆ ಬಂದಳು. ಹೆಗಲಿಗೆ ಲ್ಯಾಪ್‌ಟಾಪ್ ಚೀಲ, ಎದೆಗವಚಿಕೊಂಡ ಪ್ಲಾಸ್ಟಿಕ್ ಕವರಿನಲ್ಲಿ ಪ್ರಬಂಧದ ಪ್ರಿಂಟು. ತಿಂಡಿ ತಿಂದೆಯಾ ಎಂದರೆ ಹೂಂ ಅಂದಳು. ತಿಂದಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಎರಡು ಇಡ್ಲಿ ತಿನ್ನಿಸಿ ಬೆಟ್ಟದಪುರದ ಬಸ್ಸು ಹತ್ತಿಸಿ ನಾನೂ ಹತ್ತಿದೆ. ಬೆಟ್ಟಕ್ಕೆ ಅರ್ಧದವರೆಗೆ ಮೋಡ ಇಳಿದಿತ್ತು. ಅಲ್ಲಿಂದ ಆಟೋ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹೊಗೆಸೊಪ್ಪು ಕೊಯ್ಲಿನ ಕಾಲ. ಮನೆಯ ಪಕ್ಕದಲ್ಲಿ ಸೊಪ್ಪು ಬೇಯಿಸುವ, ಅಂದರೆ ಬೆಂಕಿಯ ಕಾವಿನಲ್ಲಿ ಒಣಗಿಸುವ ಬ್ಯಾರನ್, ಎತ್ತರ ಗೋಡೆಯ ಕಿಟಕಿಯಿಲ್ಲದ ಕಟ್ಟಡ. ಅದರ ಮುಂದಿನ ತಗಡಿನ ಚಪ್ಪರದ ಕೆಳಗೆ ಆಳೆತ್ತರ ಹಸಿ ಸೊಪ್ಪಿನ ರಾಶಿ. ರಾಶಿಯ ಮುಂದೆ ನಾಲ್ಕು ಹೆಂಗಸರು ಕೂತು ಎಲೆಗಳನ್ನು ದಾರದಿಂದ ಕಡ್ಡಿಗೆ ಕಟ್ಟುತ್ತಿದ್ದರು. ನಾಲ್ಕು ಜನ ಮುಗಿಸುವ ರಾಶಿಯಲ್ಲ ಅದು. ಬರಬೇಕಾದ ಆಳುಗಳ ಊರಿನಲ್ಲಿ ಸಾವಾಗಿತ್ತಂತೆ, ಒಬ್ಬರೂ ಬಂದಿರಲಿಲ್ಲ. ಮುರಿದ ಸೊಪ್ಪನ್ನು ಅಂದೇ ಕಟ್ಟಿ ಬ್ಯಾರನ್‌ಗೆ ಏರಿಸದಿದ್ದರೆ ಕಾವು ಹಿಡಿದು ಕೆಡುತ್ತದೆ.

ನಾಲ್ವರಲ್ಲಿ ಬೆಳ್ಳನೆಯ ಕೂದಲಿದ್ದವರೇ ಮೇಷ್ಟ್ರ ಹೆಂಡತಿ. ನಾನು ಅಜ್ಜಿ ಎಂದೇ ಕರೆದೆ. ಬಂದ ವಿಷಯ ಹೇಳಿದೆ.

"ಅಯ್ಯೋ, ಆ ಪುಸ್ತ್ಕವಾ!" ಅಂದರು. "ಅದ್ರಿಂದ ನಮ್ಮನೇಲಿ ಎಷ್ಟು ಜಗ್ಳ ಆಗೈತೆ ಅಂತೀಯ? ರಜ ಬಂತು ಅಂದ್ರೆ ಸೈಕಲ್ ಎತ್ಕಂಡು ಕಂಡೋರ ಒಲದ ಎಸ್ರು ಕೇಳಕ್ಕೋಗೋರು. ನಮ್ಮೊಲ ಕಳೆ ತುಂಬ್ಕಂಡು ಬಿದ್ದಿರದು. ಅದ್ಕೂ ಒಂದು ಎಸ್ರಿಡಿ, ಕಳೆ ಮಾಳ ಅಂತ, ಅಂದಿದ್ದೆ ನಾನು."

ಹೆಂಗಸರು ನಕ್ಕರು. ಅಜ್ಜಿ ಕೈ ಒರೆಸಿಕೊಂಡು ಒಳಗೆ ಹೋಗಿ, ಹಳೆಯ ಟವಲಿನಲ್ಲಿ ಸುತ್ತಿದ್ದ ಪುಸ್ತಕ ತಂದು ನನ್ನ ಕೈಗೆ ಇಟ್ಟೇಬಿಟ್ಟರು. ತೆಳ್ಳಗಿನ ಪುಸ್ತಕ, ರಟ್ಟು ಬಿಟ್ಟುಹೋಗಿತ್ತು, ಒಳಗಿನ ಹಾಳೆಗಳೆಲ್ಲ ಇದ್ದವು. ಹುಡುಗಿ ನನ್ನ ಭುಜದ ಮೇಲಿಂದ ಇಣುಕುತ್ತಿದ್ದಳು. ಅವಳ ಉಸಿರು ನನ್ನ ಕಿವಿಗೆ ತಾಗುತ್ತಿತ್ತು.

"ತಗೊಂಡೋಗವ್ವ. ಓದಿ ಆದ್ಮೇಲೆ ಕೊಡು. ಇಲ್ಲಿ ಯಾರು ಓದ್ತಾರೆ."

ಹೂಂ ಎಂದು ಹೊರಟಿದ್ದರೆ ಆಗಿತ್ತು. ಆದರೆ ಇಪ್ಪತ್ತು ವರ್ಷದಲ್ಲಿ ರಸೀದಿ ಇಲ್ಲದೆ ಒಂದು ಪುಸ್ತಕವನ್ನೂ ನಾನು ಈಸಿಕೊಂಡವಳಲ್ಲ. ನಾಳೆ ನನಗೇನಾದರೂ ಆದರೂ ಕಾಗದ ಇದ್ದರೆ ಪುಸ್ತಕ ಅವರ ಮನೆಗೆ ಹಿಂದಿರುಗುತ್ತದೆ, ಅದು ಅವರದೇ ಒಳ್ಳೆಯದಕ್ಕೆ ಎಂದು ನನ್ನ ಲೆಕ್ಕ. ಚೀಲದಿಂದ ಫಾರಂ ತೆಗೆದೆ. ಸೀಲು ತೆಗೆದೆ. ಇಂಕ್ ಪ್ಯಾಡಿನ ಮುಚ್ಚಳ ತೆಗೆದು ಜಗಲಿಯ ಮೇಲೆ ಇಟ್ಟೆ.

"ಅಜ್ಜಿ, ಇಲ್ಲೊಂದು ಸಹಿ ಮಾಡಿ. ಪುಸ್ತಕ ಕೊಟ್ಟಿದ್ದೀರಿ ಅನ್ನೋದಕ್ಕೆ."

"ನಂಗೆ ಸಹಿ ಬರಕಿಲ್ಲ ಕಣವ್ವ. ಎಬ್ಬೆಟ್ಟು ಒತ್ತೀನಿ."

ಅದೇ ಹೊತ್ತಿಗೆ ಸೌದೆ ಹೊತ್ತುಕೊಂಡು ಅಜ್ಜಿಯ ಮಗ ಬಂದ. ನನ್ನದೇ ವಯಸ್ಸಿನವನು. ಸೌದೆ ಇಳಿಸಿ ಮೊದಲು ಇಂಕ್ ಪ್ಯಾಡು ನೋಡಿದ, ಆಮೇಲೆ ತಾಯಿಯ ಹೆಬ್ಬೆರಳು ನೋಡಿದ.

"ಏನವ್ವ ಅದು ಕಾಗ್ದ?"

"ಪುಸ್ತ್ಕ ಕೊಟ್ಟಿದ್ಕಂತೆ."

"ಏನೈತೆ ಪುಸ್ತ್ಕದಲ್ಲಿ?"

"ಹೊಲದ ಹೆಸರುಗಳು," ಅಂದೆ ನಾನು.

ಅವನು ನಗಲಿಲ್ಲ, ನಕ್ಕ ಹಾಗೆ ಮುಖ ಮಾಡಿದ. "ಒಲದ ಎಸ್ರು. ಅದ್ಕೆ ನಮ್ಮವ್ವನ ಎಬ್ಬೆಟ್ಟು. ಎರಡು ಕಾಪಿ ಬೇರೆ. ಚೆನ್ನಾಗೈತೆ ಕಣ್ರೀ."

"ಅಯ್ಯೋ ಹಾಗಲ್ಲಣ್ಣ, ಇದು ಲೈಬ್ರರಿಯ ಫಾರಂ. ಬೇಡ ಅಂದ್ರೆ ಬೇಡ, ಫಾರಂ ತೆಗೆದಿಡ್ತೀನಿ."

"ಆಗ ಬೇಕಿತ್ತು, ನಾನು ಬಂದ್ಮೇಲೆ ಬ್ಯಾಡ್ವಾ?"

ನಾನು ಇಂಕ್ ಪ್ಯಾಡಿನ ಮುಚ್ಚಳ ಹಾಕಿದೆ. ಅವನು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡ. ಕಿತ್ತುಕೊಳ್ಳಲಿಲ್ಲ, ಮರ್ಯಾದೆಯಾಗಿಯೇ ತೆಗೆದುಕೊಂಡು ಟವಲಿನಲ್ಲಿ ಸುತ್ತಿ ಒಳಗಿಟ್ಟು ಬಂದ. ಆಮೇಲೆ ಸೊಪ್ಪು ಕಟ್ಟುತ್ತಿದ್ದ ಅವನ ಹೆಂಡತಿ ಮೆಲ್ಲಗೆ ಹೇಳಿದಳು: ಹಿಂದೆ ದಾಯಾದಿಗಳು ಯಾವುದೋ ಅರ್ಜಿ ಎಂದು ಅತ್ತೆಯ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರಂತೆ, ಕೆಳಗಿನ ಹೊಲ ಬಿಡಿಸಿಕೊಳ್ಳಲು ವರ್ಷಗಟ್ಟಲೆ ಕೋರ್ಟಿಗೆ ಅಲೆದರಂತೆ. ಅಂಥ ಮನೆಗೆ ನಾನು ಹೊಲದ ಹೆಸರು ಹೇಳಿಕೊಂಡು ಇಂಕ್ ಪ್ಯಾಡು ಹಿಡಿದು ಹೋಗಿದ್ದೆ.

ಆಟೋ ಹೊರಟುಹೋಗಿತ್ತು. ಮುಂದಿನ ಬಸ್ಸು ಮಧ್ಯಾಹ್ನದ ಮೇಲೆ. ಹುಡುಗಿ ಜಗಲಿಯ ತುದಿಯಲ್ಲಿ ಕೂತಳು. ಅಳಲಿಲ್ಲ. ಪ್ಲಾಸ್ಟಿಕ್ ಕವರಿನ ಅಂಚನ್ನು ಮಡಿಸುವುದು, ಬಿಡಿಸುವುದು, ಅಷ್ಟೇ ಮಾಡುತ್ತಿದ್ದಳು. ನನಗೆ ಅವಳ ಮುಖ ನೋಡಲು ಆಗಲಿಲ್ಲ. ಎದ್ದು ಹೋಗಿ ಸೊಪ್ಪಿನ ರಾಶಿಯ ಪಕ್ಕ ಕೂತೆ.

ಉಪಾಯ ಮಾಡಿ ಕೂತೆ ಎಂದು ಈಗ ಹೇಳಿಕೊಂಡರೆ ಸುಳ್ಳಾಗುತ್ತದೆ. ನನ್ನ ತವರು ಪಿರಿಯಾಪಟ್ಟಣದ ಹತ್ತಿರವೇ. ಮದುವೆಯಾಗುವವರೆಗೆ ಪ್ರತಿ ಮಳೆಗಾಲವೂ ಸೊಪ್ಪು ಕಟ್ಟಿದ ಕೈ ಇದು. ಎದುರಿಗೆ ರಾಶಿ ಬಿದ್ದಿರುವಾಗ ಸುಮ್ಮನೆ ಕೂರಲು ಆ ಕೈಗೆ ಬರುವುದಿಲ್ಲ. ಒಂದು ಕಡ್ಡಿ ಎಳೆದುಕೊಂಡೆ, ದಾರದ ತುದಿ ಬಿಗಿದೆ, ಎರಡೆರಡು ಎಲೆ ಬೆನ್ನಿಗೆ ಬೆನ್ನು ಕೂಡಿಸಿ, ಒಂದು ಸಲ ಆ ಕಡೆ, ಒಂದು ಸಲ ಈ ಕಡೆ.

"ಮೈಸೂರ್ ಮೇಡಮ್ಮೋರು ಕುಂತ್ರು ಕಣ್ರವ್ವ," ಅಂದಳು ನನ್ನ ಪಕ್ಕದಲ್ಲಿದ್ದ ದಪ್ಪ ಹೆಂಗಸು, ಅಜ್ಜಿಯ ನೆರೆಮನೆಯವಳು. "ಸೀರೆಗೆ ಕರೆ ಆಯ್ತದೆ, ಓಗಕಿಲ್ಲ."

"ಹಳೇ ಸೀರೆ, ಬಿಡಿ."

"ನೀವ್ ಕಟ್ಟಿದ್ ಕಡ್ಡಿ ಬ್ಯಾರನ್ ಒಳ್ಗೆ ಕಳ್ಚಿ ಬಿದ್ರೆ, ನಿಮ್ಮ ಲೈಬ್ರರಿ ಬಾಗ್ಲಿಗೇ ಬತ್ತೀವಿ."

"ಬನ್ನಿ. ಫಾರಂ ತುಂಬಿಸಿಕೊಳ್ತೀನಿ."

ಅಜ್ಜಿಯ ಬಾಯಿಂದ ಸಣ್ಣ ನಗು ಬಂತು. ಮಗ ಕೇಳಿಸದವನ ಹಾಗೆ ಕಟ್ಟಿದ ಕಡ್ಡಿಗಳನ್ನು ಹೊತ್ತು ಒಳಗೆ ಹೋದ.

ಬೆರಳು ಮೊದಲು ತಡವರಿಸಿತು, ಆಮೇಲೆ ತಾನೇ ನೆನಪು ಮಾಡಿಕೊಂಡಿತು. ಸೊಂಟ ಮಾತ್ರ ನೆನಪು ಮಾಡಿಕೊಳ್ಳಲಿಲ್ಲ. ಹತ್ತು ಕಡ್ಡಿ ಆಗುವಷ್ಟರಲ್ಲಿ ಅಂಗೈ ಕಪ್ಪಗೆ ಅಂಟು ಹಿಡಿಯಿತು. ಹಸಿ ಸೊಪ್ಪಿನ ಘಾಟಿಗೆ ತಲೆ ಸುತ್ತು ಬರುತ್ತಿತ್ತು. ಕಣ್ಣು ಮುಚ್ಚಿ ತೆಗೆದು ಮುಂದುವರಿಸಿದೆ. ಯಾರೂ ನನ್ನನ್ನು ಕೂರು ಎಂದಿರಲಿಲ್ಲ, ಏಳು ಎನ್ನಲೂ ಇಲ್ಲ. ಅಜ್ಜಿ ನಾನು ಕಟ್ಟಿದ ಒಂದು ಕಡ್ಡಿಯನ್ನು ಎತ್ತಿ ಜಗ್ಗಿ ನೋಡಿದರು.

"ನಿನ್ ತವರು ಯಾವೂರವ್ವ?"

ಹೇಳಿದೆ.

"ಅದ್ಕೇ," ಎಂದು ಕಡ್ಡಿ ಕೆಳಗಿಟ್ಟರು.

ಮಧ್ಯಾಹ್ನ ಸೊಸೆ ಎಲ್ಲರಿಗೂ ಚಪ್ಪರದ ಕೆಳಗೇ ಊಟ ತಂದಳು. ನಮಗೂ ತಂದಳು. ಉಂಡು ಕೈ ತೊಳೆದು ನಾನು ಮತ್ತೆ ಕಡ್ಡಿ ಎಳೆದುಕೊಂಡಾಗ ಅಜ್ಜಿ ಮಗನನ್ನು ಕೂಗಿದರು.

"ಲೋ, ಇಲ್ಲಿ ಬಾ. ಈ ಎಣ್ಮಗ್ಳು ಬೆಳಗ್ಗಿಂದ ಮುಯ್ಯಾಳಿಗೆ ಕುಂತವ್ಳೆ ಕಣ್ಲಾ. ಮುಯ್ಯಿ ಇಸ್ಕಂಡು ಇಲ್ಲ ಅನ್ನೋ ಮನೆಯೇನ್ಲಾ ಇದು?"

ಮುಯ್ಯಾಳು ಅಂದರೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಇವತ್ತು ನಿನ್ನ ಹೊಲಕ್ಕೆ ನಾನು ಆಳಾಗಿ ಬಂದರೆ, ನಾಳೆ ನನ್ನ ಕೆಲಸಕ್ಕೆ ನೀನು ಬರಬೇಕು. ಕೂಲಿ ಇಲ್ಲ, ಬರೆದಿಡುವುದಿಲ್ಲ. ಜಗಳವಾಡಿ ಮಾತು ಬಿಟ್ಟವರೂ ಮುಯ್ಯಿ ತೀರಿಸದೆ ಇಟ್ಟುಕೊಳ್ಳುವುದಿಲ್ಲ. ಮಗನಿಗೂ ಅದು ಗೊತ್ತು. ಕತ್ತು ತುರಿಸಿಕೊಂಡ.

"ನಾನೇನು ಕುಂತ್ಕಳಿ ಅಂದಿದ್ನಾ?"

"ಏಳು ಅಂತ ಅಂದ್ಯಾ? ಅನ್ನಲಿಲ್ವಲ್ಲ. ಸೊಪ್ಪು ಆಯ್ತಾ ಇತ್ತು, ಸುಮ್ಕೆ ಇದ್ದೆ."

ಒಳಗೆ ಹೋಗಿ ಪುಸ್ತಕ ತಂದು ಹುಡುಗಿಯ ಮುಂದೆ ಇಟ್ಟ. "ಓದ್ಕಳವ್ವ. ಜಗ್ಲಿ ದಾಟಂಗಿಲ್ಲ. ಕಾಗ್ದ ಗೀಗ್ದ ಇಲ್ಲ."

"ಒಂದೆರಡು ಫೋಟೋ ಅಣ್ಣ?" ಅಂದಳು ಅವಳು.

"ಫೋಟೋನೂ ಬ್ಯಾಡ. ಕಣ್ಣೈತಲ್ಲ."

ಅವಳು ಕವರು ಬಿಚ್ಚಿ ತನ್ನ ಅಧ್ಯಾಯದ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಓದಲು ಕೂತಳು. ನಾನು ಕೂತಲ್ಲಿಂದ ಅವಳ ಪೆನ್ಸಿಲ್ಲು ಕಾಣುತ್ತಿತ್ತು. ಹೆಸರು ಸಿಕ್ಕಾಗಲೆಲ್ಲ ಒಂದು ಗುರುತು ಹಾಕುತ್ತಿದ್ದಳು. ಮೊದಮೊದಲು ಬೇಗ ಬೇಗ ಬಿತ್ತು. ಆಮೇಲೆ ನಿಧಾನವಾಯಿತು. ಆಮೇಲೆ ಪೆನ್ಸಿಲ್ಲು ಏಳಲೇ ಇಲ್ಲ, ಪುಟ ಹಿಂದಕ್ಕೂ ಮುಂದಕ್ಕೂ ತಿರುಗತೊಡಗಿತು. ಮಳೆ ಹನಿದು ನಿಂತ ಹೊತ್ತಿಗೆ ಅವಳು ಎದ್ದು ಬಂದು ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು.

"ಮೇಡಂ, ಒಂಬತ್ತು ಹೆಸರು ಇದರಲ್ಲಿ ಇಲ್ಲ."

"ಸರಿಯಾಗಿ ನೋಡು."

"ಮೂರು ಸಲ ನೋಡಿದೆ. ಬಾಣಂತಿ ಬಾರೆಯೂ ಇಲ್ಲ."

ಆ ಬಾಣಂತಿ ಬಾರೆಯ ವಿಷಯ ನನಗೆ ಗೊತ್ತಿತ್ತು. ಅದೊಂದರ ಮೇಲೇ ಐದು ಪುಟ ಬರೆದಿದ್ದಳು. ಆ ಅಧ್ಯಾಯದಲ್ಲಿ ಗೈಡು "ಚೆನ್ನಾಗಿದೆ" ಎಂದು ಬರೆದಿದ್ದ ಜಾಗ ಅದೊಂದೇ. ಲೇಖನ ಬರೆದ ಪುಣ್ಯಾತ್ಮ ಆ ಒಂಬತ್ತನ್ನು ಎಲ್ಲಿಂದ ತಂದರೋ. ಬೇರೆಲ್ಲೋ ಕೇಳಿದ್ದನ್ನು ಇದರ ಜೊತೆ ಸೇರಿಸಿದರೋ, ತಾವೇ ಕಟ್ಟಿದರೋ, ಈಗ ಯಾರನ್ನು ಕೇಳುವುದು.

ನೆರೆಮನೆಯ ಹೆಂಗಸಿನ ಕಿವಿ ನಮ್ಮ ಕಡೆಗೇ ಇತ್ತು. "ಯಾವ ಎಸ್ರು ಮಗ? ಓದು, ಕೇಳನ."

ಹುಡುಗಿ ಒಂದೊಂದೇ ಓದಿದಳು. ಸೂಲಗಿತ್ತಿ ಮಾಳ ಅಂದಾಗ ಆ ಹೆಂಗಸು ಕೈಯಲ್ಲಿದ್ದ ಎಲೆ ಬಿಟ್ಟಳು. "ಅಯ್ಯೋ, ಅದು ನಮ್ಮ ತವರೂರಲ್ಲೈತೆ ಕಣ್ರವ್ವ! ನಮ್ಮಪ್ಪ ಅಲ್ಲೇ ರಾಗಿ ಆಕ್ತಿದ್ದುದ್ದು." ಕುರುಡೆಮ್ಮೆ ಹೊಲ ಅನ್ನುವುದನ್ನು ಸೊಸೆ ಕೇಳಿದ್ದಳು, ಅವಳ ಅಕ್ಕನ ಗಂಡನ ಊರಿನಲ್ಲಿ. ಚಂದ್ರಕಾಂತಿ ಮಡು ಅಂದಾಗ ನಾಲ್ವರೂ ಒಟ್ಟಿಗೆ ನಕ್ಕರು.

"ಅಂತ ಎಸ್ರು ಒಲಕ್ಕೆ ಯಾವನಿಡ್ತಾನೆ? ಸಿನಿಮಾದವ್ನು ಇಟ್ಟಿರ್ಬೇಕು."

"ಬಾಣಂತಿ ಬಾರೆ?" ಅಂದಳು ಹುಡುಗಿ.

ನೆರೆಮನೆಯವಳು ಬಿಟ್ಟಿದ್ದ ಎಲೆಯನ್ನು ಮತ್ತೆ ಎತ್ತಿಕೊಂಡಳು.

"ಇಲ್ಲ ಕಣವ್ವ," ಅಂದರು ಅಜ್ಜಿ. "ನಾನು ಈ ಸೀಮೆಗೆ ಬಂದು ಅರವತ್ತು ವರ್ಷ ಆಗಿರ್ಬೇಕು. ಕೇಳಿಲ್ಲ."

"ಬೇರೆ ಯಾವುದಾದ್ರೂ ಊರಲ್ಲಿ? ಬಾಣಂತಿ ಮಾಳ ಅಂತಾನಾದ್ರೂ?"

"ಇಲ್ದಿರದ್ನ ಇನ್ನೊಂದ್ಸಲ ಕೇಳುದ್ರೆ ಬತ್ತದಾ ಮಗ?"

ಆ ಮಾತನ್ನು ಅಜ್ಜಿ ಬಯ್ಗುಳದ ಹಾಗೆ ಆಡಲಿಲ್ಲ. ಹುಡುಗಿ ತಲೆ ಆಡಿಸಿ, ಸೂಲಗಿತ್ತಿ ಮಾಳದ ಊರು ಯಾವುದು, ಕುರುಡೆಮ್ಮೆ ಹೊಲದ ಊರು ಯಾವುದು ಎಂದು ಕೇಳಿ ಬರೆದುಕೊಂಡಳು. "ಇದನ್ನ ನೀವು ಹೇಳಿದ್ರಿ ಅಂತ ಪ್ರಬಂಧದಲ್ಲಿ ನಿಮ್ಮ ಹೆಸರು ಹಾಕಲಾ ಅಕ್ಕ?"

"ಎಸ್ರು ಬೇಕಾದ್ರೆ ಆಕ್ಕೊ," ಅಂದಳು ನೆರೆಮನೆಯವಳು. "ಎಬ್ಬೆಟ್ಟು ಮಾತ್ರ ಕೇಳ್ಬೇಡ."

ಆಗ ಬ್ಯಾರನ್ ಬಾಗಿಲಲ್ಲಿ ನಿಂತಿದ್ದ ಮಗನೂ ನಕ್ಕ.

ಸೊಪ್ಪು ಪೂರ್ತಿ ಮುಗಿಯಲಿಲ್ಲ. ಆದರೂ ಬ್ಯಾರನ್‌ಗೆ ಬೆಂಕಿ ಹಾಕುವಷ್ಟಾಯಿತು. ಉಳಿದ ಇಪ್ಪತ್ತೆರಡು ಹೆಸರಿಗೆ ಪುಟದ ಸಂಖ್ಯೆ ಬರೆದುಕೊಂಡು ಹುಡುಗಿ ಪುಸ್ತಕವನ್ನು ಟವಲಿನಲ್ಲಿ ಸುತ್ತಿ ಅಜ್ಜಿಯ ಕೈಗೆ ಕೊಟ್ಟಳು. ಮಗ ತನ್ನ ಪರಿಚಯದ ಆಟೋದವನಿಗೆ ಫೋನು ಮಾಡಿ ಕರೆಸಿದ. ಹೊರಡುವಾಗ ನನ್ನ ಕಡೆ ತಿರುಗಿ, "ಬೆಳಗ್ಗೆ ಅಂದಿದ್ನ ಮನಸ್ಸಿಗೆ ಆಕ್ಕಬೇಡಿ," ಅಂದ. ನಾನು ಇಂಕ್ ಪ್ಯಾಡು ತೆಗೆದದ್ದನ್ನು ಅವನು ಮನಸ್ಸಿಗೆ ಹಾಕಿಕೊಳ್ಳದಿದ್ದರೆ ಸಾಕಾಗಿತ್ತು.

ಹುಣಸೂರಿನ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಕಂಡಕ್ಟರು ಆಧಾರ್ ನೋಡಿ ಹೆಂಗಸರ ಸೊನ್ನೆ ಟಿಕೆಟ್ ಹರಿದುಕೊಟ್ಟ. ಅರ್ಧ ದಾರಿ ಹುಡುಗಿ ತನ್ನ ಪಟ್ಟಿಯ ಗುರುತುಗಳನ್ನು ಎಣಿಸುತ್ತಿದ್ದಳು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

"ಮೇಡಂ, ಆ ಪುಸ್ತಕ ನೋಡಿರೋರು ಈಗ ನಾನು, ನೀವು ಇಬ್ಬರೇ. ಏಳು ಹೆಸರು ಹಾಗೇ ಬಿಟ್ಟರೆ ಯಾರಿಗಾದ್ರೂ ಗೊತ್ತಾಗುತ್ತಾ?"

ಸುಳ್ಳು ಹೇಳಿ ಹೆದರಿಸಬಹುದಿತ್ತು. ನನಗೆ ಅಷ್ಟು ಶಕ್ತಿ ಉಳಿದಿರಲಿಲ್ಲ. "ಗೊತ್ತಾಗಲ್ಲ," ಅಂದೆ.

"ನೀವಾಗಿದ್ರೆ ಏನು ಮಾಡ್ತಿದ್ರಿ?"

"ನಾನು ಪ್ರಬಂಧ ಬರೆದವಳಲ್ಲ ಕಣಮ್ಮ. ಬರೆದವರಿಗೆ ಪುಸ್ತಕ ತಂದುಕೊಡೋಳು. ಅದನ್ನೂ ಇವತ್ತು ನೆಟ್ಟಗೆ ಮಾಡಲಿಲ್ಲ."

ಹುಣಸೂರು ತಲುಪುವಷ್ಟರಲ್ಲಿ ಕೋಟೆಯ ಬಸ್ಸು ಹೋಗಿತ್ತು. ಮುಂದಿನದರಲ್ಲಿ ಹೋದರೆ ಅಲ್ಲಿಂದ ಸರಗೂರಿಗೆ ಬಸ್ಸು ಸಿಗುವುದು ಅನುಮಾನ. ಮನೆಗೆ ಕರೆದುಕೊಂಡು ಬಂದೆ.

ಮನೆಯವರು ಬಾಗಿಲು ತೆಗೆದರು. "ಪುಸ್ತಕ ಸಿಗ್ತಾ?"

"ಸಿಕ್ತು. ತರಲಿಲ್ಲ."

"ಮತ್ತೆ ಇಡೀ ದಿನ ಏನ್ ಮಾಡಿದ್ರಿ?"

"ಸೊಪ್ಪು ಕಟ್ಟಿದೆ."

ಅವರು ನನ್ನ ಕೈ ನೋಡಿದರು. ಬೇರೆ ದಿನವಾಗಿದ್ದರೆ ಏನಾದರೂ ಕುಹಕ ಆಡುತ್ತಿದ್ದರು. ಅವತ್ತು ಒಳಗೆ ಹೋಗಿ ಹುಣಸೆಹಣ್ಣಿನ ಡಬ್ಬಿ ತಂದುಕೊಟ್ಟರು. ಬಚ್ಚಲಲ್ಲಿ ಕೂತು ಉಜ್ಜಿದೆ. ಕಪ್ಪು ಅರ್ಧ ಹೋಯಿತು, ಉಗುರಿನ ಸಂದಿನದು ಹೋಗಲಿಲ್ಲ.

ನಾನು ಅನ್ನಕ್ಕಿಡುವ ಹೊತ್ತಿಗೆ ಹುಡುಗಿ ನಡುಮನೆಯಲ್ಲಿ ಚಾಪೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಮನೆಯವರು ಟಿ.ವಿ.ಯ ದನಿ ಸಣ್ಣ ಮಾಡಿದ್ದರು. ಅಡುಗೆಮನೆಯಿಂದ ನನಗೆ ಅವಳ ಬೆನ್ನು ಕಾಣುತ್ತಿತ್ತು. ಸುಮಾರು ಹೊತ್ತು ಕೈ ಆಡಲೇ ಇಲ್ಲ. ಟೊಮೆಟೊ ಹೆಚ್ಚಿ ಒಗ್ಗರಣೆಗೆ ಹಾಕುವಾಗ ತಿರುಗಿ ನೋಡಿದೆ, ಒಂದು ಬೆರಳನ್ನು ಒಂದೇ ಗುಂಡಿಯ ಮೇಲೆ ಒತ್ತಿ ಹಿಡಿದಿದ್ದಳು. ಪರದೆಯ ಮೇಲೆ ಸಾಲುಗಳು ಕೆಳಗಿನಿಂದ ಮೇಲಕ್ಕೆ ಅಳಿಸುತ್ತಾ ಹೋಗುತ್ತಿದ್ದವು.

"ಹೋಯ್ತು ಮೇಡಂ," ಅಂದಳು ತಿರುಗದೆ. "ಏಳೂ ತೆಗೆದೆ. ಬಾಣಂತಿ ಬಾರೆಯ ಐದು ಪುಟವೂ ಹೋಯ್ತು. ಇಪ್ಪತ್ತಾರು ಪುಟ ಇತ್ತು ಅಧ್ಯಾಯ, ಹತ್ತೊಂಬತ್ತಕ್ಕೆ ಬಂತು."

"ಹತ್ತೊಂಬತ್ತು ಸಾಕಾ?"

"ಸಾಕೋ ಇಲ್ವೋ. ಇರೋದೇ ಅಷ್ಟು."

ಆಮೇಲೆ ಸೂಲಗಿತ್ತಿ ಮಾಳಕ್ಕೂ ಕುರುಡೆಮ್ಮೆ ಹೊಲಕ್ಕೂ ಅಡಿಟಿಪ್ಪಣಿ ಸೇರಿಸಿದಳು, ಹೇಳಿದ ಇಬ್ಬರು ಹೆಂಗಸರ ಹೆಸರು ಹಾಕಿ. ಪುಸ್ತಕ ಎಲ್ಲಿ ನೋಡಿದ್ದು ಎಂದು ಬರೆಯಬೇಕಾದ ಕಡೆ ಏನು ಹಾಕಲಿ ಎಂದು ಕೇಳಿದಳು. ಮೇಷ್ಟ್ರ ಮನೆ ಎಂದೇ ಹಾಕು ಅಂದೆ. ನನ್ನ ಮೇಜಿನ ರಿಜಿಸ್ಟರಿನಲ್ಲಿ ಪುಸ್ತಕ ಕೇಳಿದ ದಿನ, ಬಂದ ದಿನ, ಹಿಂದಿರುಗಿಸಿದ ದಿನ ಎಂದು ಮೂರು ಕಲಂ ಇವೆ. ಅವಳದರಲ್ಲಿ ಮೊದಲನೆಯದು ತುಂಬಿದೆ, ಮಿಕ್ಕ ಎರಡು ಇವತ್ತಿಗೂ ಖಾಲಿ. ಆ ಹತ್ತೊಂಬತ್ತು ಪುಟವನ್ನೇ ಸೇರಿಸಿ ಸೋಮವಾರ ಸಲ್ಲಿಸಿದಳು. ಗೈಡು ಪುಟ ತಿರುವಿ ನೋಡಿ, ಚೆನ್ನಾಗಿದೆ ಎನ್ನಲಿಲ್ಲವಂತೆ, ಸಹಿ ಹಾಕಿದರಂತೆ.

ಆ ರಾತ್ರಿ ಊಟಕ್ಕೆ ಅನ್ನ, ಟೊಮೆಟೊ ಗೊಜ್ಜು, ಸುಟ್ಟ ಹಪ್ಪಳ, ಮಜ್ಜಿಗೆ. ನನ್ನ ಕೈ ಬಾಯಿಗೆ ಹೋದರೆ ಕಹಿ, ಹಾಗಾಗಿ ಚಮಚದಲ್ಲಿ ತಿಂದೆ. ಹುಡುಗಿ ಎರಡು ಸಲ ಅನ್ನ ಹಾಕಿಸಿಕೊಂಡಳು. ಮೊದಲು ಮಲಗಿದವಳೂ ಅವಳೇ. ನಾನು ತಟ್ಟೆಗಳನ್ನು ಎತ್ತಿಟ್ಟು ಬರುವಷ್ಟರಲ್ಲಿ ದಿಂಬು ಕೊಡುವ ಮೊದಲೇ ಚಾಪೆಯ ಮೇಲೆ ಮುದುರಿಕೊಂಡಿದ್ದಳು. ಲ್ಯಾಪ್‌ಟಾಪ್ ತೆರೆದೇ ಇತ್ತು. ಮುಚ್ಚಲು ಹೋದೆ. ಬರೆದದ್ದು ಸೇವ್ ಆಗಿದೆಯೋ ಇಲ್ಲವೋ ತಿಳಿಯಲಿಲ್ಲ, ಹಾಗೇ ಬಿಟ್ಟೆ. ಆಮೇಲೆ ಮನೆಯವರು ಮಲಗಿದರು. ಆಮೇಲೆ ನಾನು.